ಬಾದಾಮಿ ಬಸ್ಸಿನಿಂದ ನಡುವೆ ಇಳಿದರೆ

ಡ್ರ್ಯಾಗನ್ ಬಾಯಲ್ಲಿ ಹೊಕ್ಕು ಹುಲಿ ಬಾಯಲ್ಲಿ ಹೊರಗೆ ಬರಬೇಕಂತೆ! ನಿಮ್ಮ ಅಳಿಯ ತೈವಾನಿನಿಂದ ಕಳಿಸಿದ ಫೋಟೋ ನೋಡಿದಾಗಿನಿಂದ ನನಗೆ ಅದೇ ಗುಂಗು. ಕಾವ್‌ಶ್ಯುಂಗ್ ಅಂತ ಊರಿನ ಹೆಸರು ಹೇಳಿದಿರಲ್ಲ, ಅಲ್ಲಿ ಕಮಲದ ಕೆರೆಯಂತೆ, ಕೆರೆಯೊಳಗೆ ಏಳೇಳು ಅಂತಸ್ತಿನ ಎರಡು ಗೋಪುರವಂತೆ, ಒಂದರ ಬಾಗಿಲು ಡ್ರ್ಯಾಗನ್ನಿನ ಬಾಯಿ, ಇನ್ನೊಂದರದು ಹುಲಿಯ ಬಾಯಿ. ಡ್ರ್ಯಾಗನ್ ಕಡೆಯಿಂದ ಹೊಕ್ಕು ಹುಲಿ ಕಡೆಯಿಂದ ಹೊರಬಿದ್ದರೆ ಕೆಟ್ಟದ್ದೆಲ್ಲ ಕಳೆದು ಒಳ್ಳೆಯದಾಗುತ್ತದೆ ಅನ್ನೋ ನಂಬಿಕೆ. ಅಲ್ಲಿಗೆ ಹೋಗೋ ಸೇತುವೆಯೂ ನೆಟ್ಟಗಿಲ್ಲ ನೋಡ್ರಿ, ಪೂರ್ತಿ ಅಂಕುಡೊಂಕು. ದೆವ್ವಗಳಿಗೆ ನೆಟ್ಟಗೆ ಮಾತ್ರ ನಡೆಯೋಕೆ ಬರೋದಂತೆ, ತಿರುವು ಬಂದರೆ ಅವು ಅಲ್ಲೇ ನಿಂತುಬಿಡುತ್ತವಂತೆ. ಎಂಥಾ ಚೆಂದದ ಕಲ್ಪನೆ, ಅಲ್ವಾ? ಗೋಪುರ ಕಟ್ಟಿದ್ದು 1976ರಲ್ಲಿ. ಅಷ್ಟು ಹೊಸದಕ್ಕೂ ಒಂದು ಕಥೆ ಕಟ್ಟಿ, ಆ ಕಥೆಯನ್ನೇ ಬಾಗಿಲು ಮಾಡಿ ನಿಲ್ಲಿಸಿದ್ದಾರೆ.

ಆದರೆ ಅದರ ಜೋಡಿ ನೀವು ಆಡಿದ ಇನ್ನೊಂದು ಮಾತು ನನಗೆ ಸರಿ ಬರಲಿಲ್ಲ. “ನಮ್ಮ ಕಡೆ ಏನೈತ್ರಿ ಅಂಥಾದ್ದು ನೋಡಾಕ? ಬಂದವ್ರು ಎಲ್ಲಾ ಬಾದಾಮಿಗೆ ಹೊಕ್ಕಾರ” ಅಂದಿರಿ. ಹೋಗ್ತಾರೆ, ಅದು ನಿಜವೇ. ಗದಗಿನಿಂದ ಹೊರಟ ಬಸ್ಸು ರೋಣದ ಸ್ಟ್ಯಾಂಡಿನಲ್ಲಿ ನಿಂತಾಗ ಕ್ಯಾಮೆರಾ ಕೊರಳಿಗೆ ಹಾಕಿಕೊಂಡವರು ಕಿಟಕಿಯಿಂದ ಹೊರಗೆ ನೋಡಿ, ಶೇಂಗಾ ಕೊಂಡು, ಮತ್ತೆ ಸೀಟಿಗೆ ಒರಗಿಬಿಡ್ತಾರೆ. ಆದರೆ ಇಳಿದು ಕೇಳಿದವರಿಗೆ ಸಿಗೋದು ಬೇರೆ. ಇಲ್ಲಿ ಬರೀ ಕಣ್ಣಿದ್ದರೆ ಸಾಲದು, ಕಿವಿಯೂ ಬೇಕು. ಕಲ್ಲು ಅರ್ಧ ಹೇಳುತ್ತದೆ, ಉಳಿದರ್ಧ ಆ ಕಲ್ಲಿನ ಪಕ್ಕದ ಕಟ್ಟೆ ಮೇಲೆ ಕೂತವರು ಹೇಳಬೇಕು.

ಗಜೇಂದ್ರಗಡದ ಕಾಲಕಾಲೇಶ್ವರನನ್ನೇ ತಗೊಳ್ರಿ. ದಕ್ಷಿಣ ಕಾಶಿ ಅಂತ ಕರೀತೀವಿ, ಬೆಟ್ಟದ ಹೊಟ್ಟೆಯಲ್ಲಿ ಗುಡಿ, ದೊಡ್ಡ ದೊಡ್ಡ ಮೆಟ್ಟಿಲು, ಉದ್ಭವ ಲಿಂಗ, ಇದೆಲ್ಲ ನಿಮಗೆ ಗೊತ್ತಿದ್ದದ್ದೇ. ಅಂತರಗಂಗೆಯೂ ಗೊತ್ತು. ಸುತ್ತಲಿನ ಗುಡ್ಡ ಎಲ್ಲ ಒಣಗಿ ಬಣ್ಣಗೆಟ್ಟು ಕೂತಿರೋ ಬೇಸಿಗೆಯಲ್ಲಿಯೂ ಗಿಡದ ಬೇರಿನ ಸಂದಿಯಿಂದ ನೀರು ಬರುತ್ತಲೇ ಇರುತ್ತದೆ. ಮಳೆಗಾಲದಲ್ಲಿ ಬಂಡೆ ಕುಡಿದು ಇಟ್ಟುಕೊಂಡ ನೀರು ಸೀಳುಗಳಲ್ಲಿ ನಿಧಾನಕ್ಕೆ ಇಳಿದು ಅಲ್ಲಿ ಹೊರಬೀಳುತ್ತದೆ ಅಂತ ಭೂಗೋಳದ ಮೇಷ್ಟ್ರು ಹೇಳಬಹುದು. ಆದರೂ ಏಪ್ರಿಲ್ ಬಿಸಿಲಲ್ಲಿ ಮೆಟ್ಟಿಲು ಹತ್ತಿ ಬಂದವರಿಗೆ ಆ ತಣ್ಣೀರು ಅಂಗೈಗೆ ಬಿದ್ದಾಗ ಕೈ ಮುಗಿಯೋದೇ ಮೊದಲು, ಭೂಗೋಳ ಆಮೇಲೆ.

ಆದರೆ ಯುಗಾದಿ ಹಿಂದಿನ ರಾತ್ರಿಯ ಸುಣ್ಣದ ಕಥೆ? ಅದನ್ನ ನಿಮ್ಮ ಅಳಿಯನಿಗೆ ಹೇಳೀರೋ ಇಲ್ಲೋ? ಅಮಾವಾಸ್ಯೆ ರಾತ್ರಿ ಪೂಜಾರಿ ಗಡಿಗೆಯಲ್ಲಿ ಸುಣ್ಣ ಕಲಸಿ, ಬಳಿಯೋಕೆ ಕುಂಚ ಇಟ್ಟು, ಅದರ ಜೊತೆಗೆ ತಂಬಾಕು ತುಂಬಿದ ಹುಕ್ಕಾ ಒಂದನ್ನು ಗೋಪುರದಲ್ಲಿ ಇಟ್ಟು ಬರ್ತಾರಂತೆ. ಬೆಳಗಾದರೆ ಸುಣ್ಣ ಬಳಿದಿರುತ್ತದೆ, ಹುಕ್ಕಾ ಸೇದಿರುತ್ತದೆ. ಯಾರು ಬಳಿದರು, ಯಾರು ಸೇದಿದರು ಅಂತ ಯಾರೂ ಕೇಳೋದಿಲ್ಲ. ಊರವರು ತಲತಲಾಂತರದಿಂದ ಹೇಳಿಕೊಂಡು ಬಂದದ್ದು. ನನಗೆ ಇದರಲ್ಲಿ ಬಹಳ ಹಿಡಿಸೋದು ಆ ಹುಕ್ಕಾ. ಸುಣ್ಣ ಬಳಿಯೋ ಕೆಲಸ ಅಂದರೆ ಕೈ ಸೋಲೋ ಕೆಲಸ, ಕತ್ತು ಹಿಡಿಯೋ ಕೆಲಸ. ಅಂಥಾ ಕೆಲಸ ಮಾಡಿದವರಿಗೆ ನಡುವೆ ಒಂದು ದಮ್ಮು ಬೇಕಲ್ವಾ? ಬರೋದು ದೇವರೇ ಆಗಲಿ, ಶಿವಗಣವೇ ಆಗಲಿ, ಕೂಲಿಯವರ ಸುಖ-ದುಃಖ ತಿಳಿದು ಹುಕ್ಕಾ ಇಟ್ಟ ಆ ಮೊದಲಿನ ಪುಣ್ಯಾತ್ಮ ಯಾರೋ! ದೇವರಿಗೆ ಹಣ್ಣು-ಕಾಯಿ ಇಡೋ ಊರು ನೂರಾರಿವೆ. ದೇವರ ದಣಿವಿನ ಲೆಕ್ಕ ಇಟ್ಟ ಊರು ಎಷ್ಟಿವೆ ಹೇಳ್ರಿ?

ಗಡದ ಮೇಲೆ ಹತ್ತೋದು ಬೇರೆ ಸುಖ. ಬೆಟ್ಟ ದೂರದಿಂದ ಆನೆ ಆಕಾರ ಕಾಣುತ್ತದೆ ಅಂತ ಹೇಳ್ತಾರೆ, ಘೋರ್ಪಡೆ ಮನೆತನದವರ ಕೋಟೆ, ನೀರಿನ ಹೊಂಡಗಳು, ಹಾಳುಬಿದ್ದ ಗೋಡೆಗಳು. ನಿಂತು ನೋಡಿದರೆ ಈಗ ಸುತ್ತಲೂ ಗಾಳಿಯಂತ್ರಗಳ ಸಾಲು. ಕೆಲವರಿಗೆ ಅವು ಕಣ್ಣಿಗೆ ಚುಚ್ಚುತ್ತವಂತೆ. ನನಗಂತೂ ಹಾಗನಿಸಿಲ್ಲ. ಆ ಗಾಳಿ ಮೊದಲೂ ಬೀಸುತ್ತಿತ್ತು, ಕಾವಲಿನವರ ಪಟಗ ಹಾರಿಸುತ್ತಿತ್ತು, ಈಗ ಎಲ್ಲೋ ಯಾರದೋ ಮನೆಯ ದೀಪ ಹಚ್ಚುತ್ತದೆ.

ಅದೇ ಗಡದ ಹೆಸರು 1787ರಲ್ಲಿ ಒಂದು ಒಪ್ಪಂದಕ್ಕೆ ಅಂಟಿಕೊಂಡಿತು ನೋಡ್ರಿ. ಟಿಪ್ಪು ಸುಲ್ತಾನ ಒಂದು ಕಡೆ, ಪೇಶ್ವೆ ಮತ್ತು ನಿಜಾಮ ಇನ್ನೊಂದು ಕಡೆ. ಶಾಲೆ ಪುಸ್ತಕದಲ್ಲಿ ಒಂದೇ ಸಾಲು ಇರುತ್ತದೆ, ಪರೀಕ್ಷೆಗೆ ಇಸವಿ ನೆನಪಿಟ್ಟರೆ ಸಾಕು. ಆದರೆ ಈ ಜಗಳ ಶುರುವಾದದ್ದು ಎಲ್ಲಿ ಅಂತೀರಿ? ನಮ್ಮ ನರಗುಂದದಲ್ಲೇ! 1785ರಲ್ಲಿ ಟಿಪ್ಪುವಿನ ಸೈನ್ಯ ನರಗುಂದಕ್ಕೆ ಮುತ್ತಿಗೆ ಹಾಕಿ, ಅಲ್ಲಿನ ವೆಂಕಟರಾವ್ ಭಾವೆಯನ್ನು ಹಿಡಿದು ಕಬ್ಬಾಳದುರ್ಗಕ್ಕೆ ಸಾಗಿಸಿತು. ಅದರಿಂದ ಹೊತ್ತಿದ ಬೆಂಕಿ ಎರಡು ವರ್ಷ ಉರಿದು ಗಜೇಂದ್ರಗಡದ ಒಪ್ಪಂದದಲ್ಲಿ ಆರಿತು. ಬಾದಾಮಿ, ನರಗುಂದ ಎಲ್ಲ ಮರಾಠರಿಗೆ ತಿರುಗಿ ಹೋದವು. ಶ್ರೀರಂಗಪಟ್ಟಣ, ಪುಣೆ, ಹೈದರಾಬಾದು ಮೂರೂ ಸೇರಿ ಕಾದಾಡಿದ ಕಥೆಯ ಮೊದಲ ಪುಟ, ಕೊನೆಯ ಪುಟ ಎರಡೂ ನಮ್ಮ ಮಗ್ಗಲಿನ ಊರುಗಳಲ್ಲೇ ಇವೆ. ಇದನ್ನ ಬಸ್‌ಸ್ಟ್ಯಾಂಡಿನಲ್ಲಿ ಒಂದು ಫಲಕದ ಮೇಲೆ ಬರೆದರೂ ಸಾಕಲ್ವಾ?

ಗಜೇಂದ್ರಗಡ ಬಿಡೋ ಮೊದಲು ಮಗ್ಗದ ಸದ್ದು ಕೇಳಿಕೊಂಡೇ ಬರಬೇಕು. ಪಟ್ಟೇದಂಚಿನ ಸೀರೆ ನಿಮ್ಮ ಅತ್ತೆಯವರು ಉಟ್ಟಿದ್ದನ್ನು ನೋಡಿರಬಹುದು. ಚೌಕಳಿ ಮೈ, ಅಗಲವಾದ ಅಂಚು, ಸಾಸಿವೆ ಹಳದಿ, ಕೆಂಪು. ಸವದತ್ತಿ ಎಲ್ಲಮ್ಮನಿಗೆ ಉಡಿಸೋದು, ಮದುವೆಯಲ್ಲಿ ಹೆಣ್ಣಿಗೆ ಕೊಡೋದು ಇದನ್ನೇ. ಎರಡೂ ಮಗ್ಗಲು ಒಂದೇ ಥರ ಇರೋದರಿಂದ ತಿರುವಿ ಉಟ್ಟರೂ ಗೊತ್ತಾಗೋದಿಲ್ಲ. ಹೊಲದ ಕೆಲಸಕ್ಕೆ ಹೋಗೋ ಹೆಂಗಸರಿಗೆ ಇದಕ್ಕಿಂತ ಅನುಕೂಲ ಏನಿದೆ? ಒಂದು ಕಡೆ ಮಾಸಿದರೆ ಇನ್ನೊಂದು ಕಡೆ. ನಡುವೆ ಈ ಸೀರೆ ಮರೆತೇಹೋಗುವ ಹಾಗಾಗಿತ್ತು. ಈಗ ಮತ್ತೆ ನೇಯಿಸಿ ಬೆಂಗಳೂರು, ದಿಲ್ಲಿಯವರು ಹುಡುಕಿಕೊಂಡು ಉಡುತ್ತಾರೆ. ಅಲ್ಲಿಯವರು ಉಡಲಿ, ಸಂತೋಷ. ನಮ್ಮ ಹುಡುಗಿಯರೂ ಒಂದೊಂದು ತಗೊಂಡರೆ ಮಗ್ಗದವರ ಮನೆ ನಡೀತದೆ.

ಈಗ ಸೂಡಿಗೆ ಬರೋಣ. ಹೌದು, ಪುಟ್ಟ ಊರು, ಅಂಗಡಿ ನಾಲ್ಕು. ಆದರೆ ಸಾವಿರ ವರ್ಷದ ಹಿಂದೆ ಇದು ಅಕ್ಕಾದೇವಿಯ ಊರು. ಕಲ್ಯಾಣ ಚಾಲುಕ್ಯರ ಮನೆಮಗಳು, ಜಯಸಿಂಹನ ಸೋದರಿ, ಮೊದಲನೆಯ ಸೋಮೇಶ್ವರನಿಗೆ ಸೋದರತ್ತೆ. ಪಟ್ಟದಕಲ್ಲಿನ ಸುತ್ತಲಿನ ಕಿಸುಕಾಡು ಎಪ್ಪತ್ತನ್ನು ಆಳಿದವಳು, ಗೋಕಾಕದ ಕೋಟೆಗೆ ತಾನೇ ದಂಡು ಕಟ್ಟಿಕೊಂಡು ಹೋಗಿ ಮುತ್ತಿಗೆ ಹಾಕಿದವಳು. ಇಲ್ಲಿ ನಾಣ್ಯ ಹೊಡೆಯೋ ಟಂಕಸಾಲೆ ಇತ್ತು. ಇವತ್ತು ನಾವು ಹತ್ತು ರೂಪಾಯಿ ಚಿಲ್ಲರೆ ಹುಡುಕೋ ಊರಿನಲ್ಲಿ ಒಂದು ಕಾಲಕ್ಕೆ ರಾಜ್ಯದ ರೊಕ್ಕವೇ ತಯಾರಾಗುತ್ತಿತ್ತು!

ಸೂಡಿಯ ಜೋಡುಕಳಸದ ಗುಡಿ 1060ರ ಆಸುಪಾಸಿನದು, ನಾಗದೇವ ಅನ್ನೋ ದಂಡನಾಯಕ ಕಟ್ಟಿಸಿದ್ದು. ಒಂದೇ ಗುಡಿಗೆ ಎರಡು ಶಿಖರ. ನಡುವಿನ ಮಂಟಪದಲ್ಲಿ ಕಂಬಗಳು ಕನ್ನಡಿ ಹಾಗೆ ಹೊಳೀತವೆ, ಮಕ್ಕಳು ಅದರಲ್ಲಿ ಮುಖ ನೋಡಿಕೊಂಡು ಹಲ್ಲು ಕಿಸಿಯೋದನ್ನ ನೀವೇ ಕಾಣಬಹುದು. ಆದರೆ ಸೂಡಿಗೆ ಹೋದವರು ನಾಗಕುಂಡಕ್ಕೆ ಇಳಿಯದೆ ಬಂದರೆ ಹೋದದ್ದೇ ದಂಡ. ಮೆಟ್ಟಿಲುಬಾವಿ ಅದು. ನಾಲ್ಕೂ ಗೋಡೆಗೆ ಪುಟ್ಟ ಪುಟ್ಟ ಗುಡಿಗಳ ಶಿಖರ ಕೆತ್ತಿದ್ದಾರೆ. ನೀರು ತರೋಕೆ ಕೊಡ ಹೊತ್ತು ಇಳಿಯೋ ಹೆಂಗಸರಿಗೆ ನೋಡೋಕೆ ಚೆಂದ ಇರಲಿ ಅಂತ ಯಾರೋ ಶಿಲ್ಪಿ ಅಷ್ಟು ಮೈ ಮುರಿದು ದುಡಿದಿದ್ದಾನೆ. ನೀರಿನ ಜಾಗಕ್ಕೆ ದೇವರ ಜಾಗದಷ್ಟೇ ಮರ್ಯಾದೆ. ಈಗ ನಾವು ನಲ್ಲಿಯ ಕಟ್ಟೆಗೆ ಒಂದು ಸುಣ್ಣ ಬಳಿಯೋಕೂ ಎರಡು ಮೀಟಿಂಗು ಮಾಡ್ತೀವಿ.

ಇಲ್ಲಿ ಒಂದು ಎಚ್ಚರಿಕೆ ಹೇಳಬೇಕು. ಯಾರಾದರೂ “ಇಟಗಿಗೆ ಹೋಗಬೇಕು” ಅಂದರೆ ಯಾವ ಇಟಗಿ ಅಂತ ಮೊದಲು ಕೇಳ್ರಿ. ನಮ್ಮ ಇಟಗಿ ಭೀಮಾಂಬಿಕೆಯದು, ಭಕ್ತರು ನಡೆದುಕೊಂಡು ಬರೋ ಊರು. ಇನ್ನೊಂದು ಇಟಗಿ ಕುಕನೂರಿನ ಕಡೆ, ಕೊಪ್ಪಳ ಜಿಲ್ಲೆಯದು. ಅಲ್ಲಿ 1112ರ ಮಹಾದೇವ ಗುಡಿ, ಶಾಸನದಲ್ಲೇ ‘ದೇವಾಲಯ ಚಕ್ರವರ್ತಿ’ ಅನ್ನಿಸಿಕೊಂಡದ್ದು. ಶಿಲ್ಪ ನೋಡೋಕೆ ಬಂದವರು ಭೀಮವ್ವನ ಗುಡಿಯಲ್ಲಿ ನಿಂತು ಚಕ್ರವರ್ತಿ ಎಲ್ಲಿ ಅಂತ ಹುಡುಕೋದು, ಹರಕೆ ಹೊತ್ತವರು ಕುಕನೂರಿನ ಬಸ್ಸು ಹತ್ತೋದು, ಇದು ಆಗಾಗ ನಡೆಯೋದೇ. ಆದರೂ ನಷ್ಟವಿಲ್ಲ ಬಿಡ್ರಿ. ಯಾವ ಇಟಗಿಗೆ ಹೋದರೂ ಬರಿಗೈಲಿ ಬರೋ ಹಾಗಿಲ್ಲ.

ನರೇಗಲ್ಲಿನ ಬಸದಿ ಇನ್ನೂ ಹಳೆಯದು. 950ರಲ್ಲಿ, ರಾಷ್ಟ್ರಕೂಟರ ಮೂರನೆಯ ಕೃಷ್ಣನ ಕಾಲದಲ್ಲಿ, ಗಂಗರ ಬೂತುಗನ ರಾಣಿ ಪದ್ಮಬ್ಬರಸಿ ಕಟ್ಟಿಸಿದ್ದು. ಅಕ್ಕಾದೇವಿಗೂ ನೂರು ವರ್ಷ ಮೊದಲು ಇನ್ನೊಬ್ಬ ಹೆಣ್ಣುಮಗಳು! ಈ ಸೀಮೆಯಲ್ಲಿ ಕಲ್ಲು ಎತ್ತಿ ನಿಲ್ಲಿಸಿದವರ ಹೆಸರು ಕೇಳಿದರೆ ಅರ್ಧ ಹೆಂಗಸರದೇ ಬರುತ್ತದೆ, ಗಮನಿಸಿದ್ದೀರಾ? ಹಾಗೇ ಪಕ್ಕದ ಜಕ್ಕಲಿ. ಅಂದಾನಪ್ಪ ದೊಡ್ಡಮೇಟಿಯವರ ಊರು. ಕರ್ನಾಟಕ ಒಂದಾಗೋದಕ್ಕೆ ಮುಂಚೆಯೇ ಆ ಮನುಷ್ಯ ಚಿತ್ರಕಾರರನ್ನು ಕೂರಿಸಿ ತಾಯಿ ಭುವನೇಶ್ವರಿಯ ಚಿತ್ರ ಬರೆಸಿದರು. ರಾಜ್ಯ ಇನ್ನೂ ಕಾಗದದ ಮೇಲೂ ಬಂದಿಲ್ಲ, ತಾಯಿಯ ಮುಖ ಮಾತ್ರ ಜಕ್ಕಲಿಯ ಮನೆಯ ಗೋಡೆ ಮೇಲೆ ಬಂದುಬಿಟ್ಟಿತ್ತು. ನವೆಂಬರ್ ಬಂದರೆ ಪ್ರತಿ ಶಾಲೆಯಲ್ಲಿ ಧ್ವಜ ಏರಿಸ್ತೀವಲ್ಲ, ಒಂದು ಬಸ್ಸು ಮಾಡಿ ಮಕ್ಕಳನ್ನ ಜಕ್ಕಲಿಗೆ ಕರೆದೊಯ್ದರೆ ಎಷ್ಟು ಚಲೋ.

ರೋಣಕ್ಕೆ ಬಂದರೆ ಮತ್ತೆ ಗುಡಿಗಳೇ. ದ್ರೋಣಾಚಾರ್ಯರು ಕಟ್ಟಿಸಿದ ಊರು ಅನ್ನೋ ಮಾತು ಉಂಟು. ಅನಂತಶಯನ, ಮಲ್ಲಿಕಾರ್ಜುನ, ಸೋಮಲಿಂಗ, ಲೋಕನಾಥ ಅಂತ ಕರಿಕಲ್ಲಿನ ಗುಡಿಗಳು ಮನೆಗಳ ನಡುವೆ, ಓಣಿಗಳ ತಿರುವಿನಲ್ಲಿ ನಿಂತಿವೆ. ಅವುಗಳ ಬಗ್ಗೆ ನಾನು ಬಹಳ ಹೇಳೋದಿಲ್ಲ. ನನಗೆ ರೋಣ ಅಂದರೆ ಒಂದು ಅಂಗಿ.

ಯಾವ ಅಂಗಿ ಅಂದರೆ, ಗಾಯಕ ಭೀಮಸೇನ ಜೋಶಿಯವರದು. ಅವರು 1922ರಲ್ಲಿ ಹುಟ್ಟಿದ್ದು ಈ ರೋಣದಲ್ಲೇ ಅಲ್ವಾ? ತಂದೆ ಗುರುರಾಜ ಜೋಶಿ, ಮೇಷ್ಟ್ರು, ನಿಘಂಟು ಬರೆದವರು. ಹುಡುಗನಿಗೆ ಚಿಕ್ಕಂದಿನಿಂದ ಒಂದೇ ಹುಚ್ಚು. ಓಣಿಯಲ್ಲಿ ಭಜನೆ ಬಂತು, ಹಿಂದೆ ಹೋದ. ಮದುವೆಯ ವಾಲಗ ಬಂತು, ಹಿಂದೆ ಹೋದ. ಎಲ್ಲಿಗೋ ಹೋಗಿ, ದಣಿದು, ಅಲ್ಲೇ ಮಲಗಿಬಿಡೋದು. ಮನೆಯವರು ಹುಡುಕೋದು, ಪೊಲೀಸರಿಗೆ ಹೇಳೋದು. ಸಾಕಾಗಿ ತಂದೆ ಮಗನ ಅಂಗಿಗಳ ಮೇಲೆ ‘ಜೋಶಿ ಮಾಸ್ತರರ ಮಗ’ ಅಂತ ಬರೆದುಬಿಟ್ಟರಂತೆ! ಸಿಕ್ಕವರು ಓದಿ ಮನೆಗೆ ಮುಟ್ಟಿಸಲಿ ಅಂತ. ಎಂಥಾ ಉಪಾಯ! ಬೇರೆ ತಂದೆಯಾದರೆ ಬಾರುಕೋಲು ಹಿಡಿಯುತ್ತಿದ್ದ. ಇವರು ನಿಘಂಟು ಬರೆಯೋ ಮನುಷ್ಯ, ಅಕ್ಷರವನ್ನೇ ನಂಬಿದರು. ಹುಡುಗ ಹನ್ನೊಂದರ ವಯಸ್ಸಿಗೆ ಗುರುವನ್ನು ಹುಡುಕಿಕೊಂಡು ಮನೆಯನ್ನೇ ಬಿಟ್ಟು ಹೋದ ಅನ್ನೋದು ಬೇರೆ ಮಾತು. ಊರೂರು ತಿರುಗಿ ಕಡೆಗೆ ಗುರು ಸಿಕ್ಕಿದ್ದು ಎಲ್ಲಿ? ಕುಂದಗೋಳದಲ್ಲಿ, ಸವಾಯಿ ಗಂಧರ್ವರು. ಮುಂದೆ 2008ರಲ್ಲಿ ಭಾರತರತ್ನ ಸಿಕ್ಕಾಗ ಇಡೀ ದೇಶ ಅವರನ್ನು ಪುಣೆಯವರು ಅಂತ ಕೊಂಡಾಡಿತು. ಕೊಂಡಾಡಲಿ. ಆದರೆ ರೋಣದ ಓಣಿಯಲ್ಲಿ ಇಂದಿಗೂ ಯಾವುದೋ ಭಜನೆಯ ತಾಳ ಕೇಳಿದರೆ, ಹಿಂದೆ ಯಾವ ಹುಡುಗ ಹೊರಟಾನೋ ಅಂತ ನಾನು ತಿರುಗಿ ನೋಡ್ತೀನಿ.

ರೋಣದಿಂದ ನರಗುಂದಕ್ಕೆ ಹೋಗೋವಾಗ ಹೊಳೆಆಲೂರಿನ ಕಡೆಯಿಂದ ಹೋಗ್ರಿ. ಮಲಪ್ರಭೆ ಸಿಗ್ತಾಳೆ. ಅಲ್ಲಿನ ಅಂಧ ಮಕ್ಕಳ ಶಾಲೆಯ ಹುಡುಗರು ಮಲ್ಲಗಂಬ ಏರೋದನ್ನ ನೋಡಿದವರು ಆ ಮಾತು ಬಂದಾಗಲೆಲ್ಲ ದನಿ ತಗ್ಗಿಸಿ ಹೇಳ್ತಾರೆ. ಕಣ್ಣಿಗೆ ಕಂಬ ಕಾಣದಿದ್ದರೂ ಕೈಗೆ ಕಾಲಿಗೆ ಕಂಬ ಗೊತ್ತು. ಕೊಣ್ಣೂರೂ ಆ ಮಗ್ಗಲಿಗೇ, ರಾಷ್ಟ್ರಕೂಟರ ಅಮೋಘವರ್ಷನ ಹೆಸರೂ 860ರ ಇಸವಿಯೂ ಹೊತ್ತ ಶಾಸನದ ಊರು.

ನರಗುಂದದ ಗುಡ್ಡ ಎರೆ ಬಯಲಿನ ನಡುವೆ ಒಂಟಿಯಾಗಿ ಎದ್ದಿರೋದನ್ನ ಹುಬ್ಬಳ್ಳಿ-ವಿಜಯಪುರ ರಸ್ತೆಯಲ್ಲಿ ಹೋದವರೆಲ್ಲ ಕಂಡಿದ್ದಾರೆ. ನರಗುಂದದ ದೊರೆ ಬಾಬಾಸಾಹೇಬನ ಕಥೆ ಲಾವಣಿಯಲ್ಲಿ, ನಾಟಕದಲ್ಲಿ ಕೇಳಿಯೇ ಬೆಳೆದೆವು. ದತ್ತಕಕ್ಕೆ ಕಂಪನಿ ಒಪ್ಪಲಿಲ್ಲ, ಆಯುಧ ಒಪ್ಪಿಸು ಅಂದಿತು, 1858ರ ಮೇ 29ರ ರಾತ್ರಿ ಸುರೇಬಾನದಲ್ಲಿ ಕಂಪನಿಯ ಅಧಿಕಾರಿ ಮ್ಯಾನ್ಸನ್ನನ ತಲೆ ಉರುಳಿತು, ಅದನ್ನ ತಂದು ನರಗುಂದದ ಕೆಂಪಗಸಿಗೆ ನೇತುಹಾಕಿದರು. ಜೂನ್ 12ಕ್ಕೆ ಬೆಳಗಾವಿಯಲ್ಲಿ ಬಾಬಾಸಾಹೇಬನಿಗೆ ಗಲ್ಲು. ತಾಯಿ, ಹೆಂಡತಿ ಮಲಪ್ರಭೆಗೆ ಹಾರಿಕೊಂಡರು. ಎಲ್ಲ ಎರಡೇ ವಾರದ ಒಳಗೆ. ಕೆಂಪಗಸಿಯ ಕೆಳಗೆ ಈಗ ಸೈಕಲ್ಲು, ಎತ್ತಿನ ಬಂಡಿ ಹಾಯ್ತಾವೆ. ಅಲ್ಲಿ ನಿಂತಾಗ ನನಗೆ ನೆನಪಾಗೋದು ಕತ್ತಿಯಲ್ಲ, ಪುಸ್ತಕ. ಬಾಬಾಸಾಹೇಬನ ಹತ್ತಿರ ಸಾವಿರಾರು ಪುಸ್ತಕಗಳ ಸಂಗ್ರಹ ಇತ್ತು ಅಂತ ದಾಖಲೆ ಹೇಳುತ್ತದೆ. ಗುಡ್ಡದ ಬುಡದ ಪುಟ್ಟ ಸಂಸ್ಥಾನದ ದೊರೆ, ಮಕ್ಕಳಿಲ್ಲದ ಮನುಷ್ಯ, ದೀಪ ಹಚ್ಚಿಕೊಂಡು ಓದುತ್ತ ಕೂತದ್ದನ್ನ ಯಾವ ನಾಟಕದವರೂ ತೋರಿಸಲಿಲ್ಲ. ತೋರಿಸಬೇಕಿತ್ತು.

ನರಗುಂದದಲ್ಲಿ ನೆಲದ ಮೇಲೆ ಇರೋದಷ್ಟೇ ಅಲ್ಲ, ನೆಲದ ಕೆಳಗೂ ಊರಿದೆ. ಹಗೇವು! ಅಜ್ಜಂದಿರು ಮನೆಯೊಳಗೆ, ಅಂಗಳದಲ್ಲಿ, ಓಣಿಯಲ್ಲಿ ಆಳೆತ್ತರ ಅಗೆದು, ಹುಲ್ಲು ಹಾಸಿ, ಜೋಳ ತುಂಬಿ ಬಾಯಿ ಮುಚ್ಚಿದ ಕಣಜಗಳು. ಬರ ಬಂದರೆ ತೆಗೆಯೋದು. ತೆಗೆದ ತಕ್ಷಣ ಇಳಿಯೋ ಹಾಗಿಲ್ಲ. ಒಳಗಿನ ಕೆಟ್ಟ ಗಾಳಿ ಹೋಗಲಿ ಅಂತ ಬಾಯಿ ತೆರೆದು ಬಿಡಬೇಕು, ದೀಪ ಇಳಿಸಿ ಅದು ಉರಿದರೆ ಮಾತ್ರ ಆಳು ಇಳಿಯಬೇಕು. ಕಾಲುವೆ ಬಂತು, ಗೋದಾಮು ಬಂತು, ರೇಷನ್ ಬಂತು, ಹಗೇವು ಮರೆತೇ ಹೋದವು. ಮೇಲೆ ಮನೆ ಕಟ್ಟಿಕೊಂಡರು, ರಸ್ತೆ ಮಾಡಿದರು. ಈಚಿನ ವರ್ಷಗಳಲ್ಲಿ ಮಳೆ ಜೋರಾಗಿ, ನೆಲದೊಳಗಿನ ನೀರು ಮೇಲಕ್ಕೆ ಬಂದು, ಇದ್ದಕ್ಕಿದ್ದಂತೆ ಅಡುಗೆಮನೆಯಲ್ಲಿ, ಓಣಿಯ ನಡುವೆ ನೆಲ ಕುಸಿಯತೊಡಗಿತು. ಆ ಮನೆಗಳವರ ಪಾಡು ನೆನೆದರೆ ಸಂಕಟ ಆಗ್ತದೆ. ರಾತ್ರಿ ಮಲಗೋದಾದರೂ ಹೇಗೆ? ಯಾವ ಮನೆಯ ಕೆಳಗೆ ಎಷ್ಟು ಹಗೇವು ಇವೆ ಅಂತ ಹಿರಿಯರಿಂದ ಕೇಳಿ ಬರೆದಿಟ್ಟುಕೊಳ್ಳೋದು ತುರ್ತಾಗಿ ಆಗಬೇಕು. ಆ ಹಿರಿಯರೂ ಒಬ್ಬೊಬ್ಬರೇ ಹೊರಟಿದ್ದಾರೆ.

ಅದೇ ಊರಿನಲ್ಲಿ ರೈತರ ವೀರಗಲ್ಲು ನೋಡದೆ ಬರಬೇಡಿ. ಕಾಲುವೆಯ ನೀರು ಹೊಲಕ್ಕೆ ಸರಿಯಾಗಿ ಮುಟ್ಟೋ ಮೊದಲೇ ಮಲಪ್ರಭಾ ಅಚ್ಚುಕಟ್ಟಿನ ರೈತರ ಮೇಲೆ ಬಿದ್ದ ಕರ, ಅದರ ವಿರುದ್ಧ 1980ರ ಜುಲೈ 21ರಂದು ಎದ್ದ ಜನ, ಗೋಲಿಬಾರು, ನರಗುಂದದಲ್ಲಿ ವೀರಪ್ಪ ಕಡ್ಲಿಕೊಪ್ಪ, ನವಲಗುಂದದಲ್ಲಿ ಬಸಪ್ಪ ಲಕ್ಕುಂಡಿ ಪ್ರಾಣ ಬಿಟ್ಟರು. ರೈತ ಸಂಘ ಹುಟ್ಟಿದ್ದು ಆ ಬೆಂಕಿಯಿಂದಲೇ. ಪ್ರತಿ ವರ್ಷ ಆ ದಿನ ಹಸಿರು ಟವೆಲ್ಲು ಹೆಗಲಿಗೆ ಹಾಕಿಕೊಂಡ ಜನ ಎಲ್ಲೆಲ್ಲಿಂದಲೋ ಬರ್ತಾರೆ. 2015ರಿಂದ ಮಹದಾಯಿ ನೀರಿಗಾಗಿ ಅಲ್ಲೇ ಪೆಂಡಾಲು ಹಾಕಿ ವರ್ಷಗಟ್ಟಲೆ ಕೂತವರೂ ಈ ಊರಿನವರೇ. ಇದನ್ನ ಪ್ರೇಕ್ಷಣೀಯ ಸ್ಥಳ ಅನ್ನಬಹುದೇ ಅಂತ ನೀವು ಕೇಳಬಹುದು. ನಾನು ಅಂತೀನಿ. ಹಳೇ ವೀರಗಲ್ಲಿಗೆ ಟಿಕೆಟ್ಟು ಕೊಟ್ಟು ನೋಡ್ತೀವಿ, ನಮ್ಮ ಕಣ್ಣೆದುರಿಗೆ ನೆಟ್ಟದ್ದನ್ನ ನಿಂತು ನೋಡಬಾರದೇನು?

ಬರೋದು ಯಾವಾಗ ಅಂದರೆ, ಮಳೆಗಾಲ ಮಾತ್ರ ಬೇಡ. ಎರೆ ಮಣ್ಣು ಚಪ್ಪಲಿಗೆ ಹತ್ತಿಕೊಂಡರೆ ಹೆಜ್ಜೆಗೊಂದು ಸೇರು ಏರುತ್ತದೆ. ಬೇಸಿಗೆಯಲ್ಲಿ ಕಾಲಕಾಲೇಶ್ವರನ ತೇರು ಉಂಟು, ಬಿಸಿಲು ತಡೆಯೋರು ಬರಲಿ. ನನ್ನನ್ನ ಕೇಳಿದರೆ ಎಳ್ಳಮಾಸಿ ಹೊತ್ತಿಗೆ ಬರಬೇಕು. ಆಗ ಬಿಳಿಜೋಳ ಆಳೆತ್ತರ ನಿಂತಿರುತ್ತದೆ, ಕಡಲೆ ಹಸಿರು, ನಡುನಡುವೆ ಕುಸುಬೆ. ಚರಗ ಚೆಲ್ಲೋಕೆ ಇಡೀ ಊರು ಹೊಲದಲ್ಲೇ ಇರುತ್ತದೆ. ಸಜ್ಜೆ ರೊಟ್ಟಿ, ಎಳ್ಳು ಹಚ್ಚಿದ ಜೋಳದ ರೊಟ್ಟಿ, ಎಣ್ಣೆಗಾಯಿ, ಅಗಸಿ ಹಿಂಡಿ, ಶೇಂಗಾ ಹೋಳಿಗೆ, ಮಾದ್ಲಿ. ರಸ್ತೆಯಲ್ಲಿ ಹೊರಟವರನ್ನೂ ಕೈ ಬೀಸಿ ಕರೀತಾರೆ, ಗುರುತು ಪರಿಚಯ ಕೇಳೋದಿಲ್ಲ. ಗಡಿಬಿಡಿಯಲ್ಲಿ ಬೆಳಗಿನ ತಿಂಡಿ ತಿಂದು ಬಂದೀರಿ ಮತ್ತೆ!